ಶೇ 2ರ ವ್ಯಾಪಾರ: ದಾವಣಗೆರೆ–ಚಿತ್ರದುರ್ಗದ ಸಗಟು ವರ್ತಕರು ಗಿರಾಕಿಗಳನ್ನು ಉಳಿಸಿಕೊಳ್ಳುವುದು ಹೇಗೆ?

ದಾವಣಗೆರೆ ಎಪಿಎಂಸಿ ಯಾರ್ಡಿನಲ್ಲಿ ಒಂದೇ ಸಾಲಿನ ಎರಡು ಅಡತಿ ಅಂಗಡಿಗಳನ್ನು (ರೈತರ ಮಾಲು ಮಾರಿಸಿ ಕಮಿಷನ್ ಪಡೆಯುವ ಅಂಗಡಿಗಳು) ನೋಡಿ. ಇಬ್ಬರಿಗೂ ಅದೇ ಟೆಂಡರ್, ಅದೇ ಖರೀದಿದಾರರು, ಅದೇ ಹಮಾಲಿ ದರ. ಆದರೂ ನವೆಂಬರ್‌ನಲ್ಲಿ ಒಂದರ ಮುಂದೆ ಮೆಕ್ಕೆಜೋಳದ ಟ್ರ್ಯಾಕ್ಟರುಗಳು ಸಾಲಾಗಿ ನಿಂತಿರುತ್ತವೆ. ಇನ್ನೊಂದರಲ್ಲಿ ಗುಮಾಸ್ತ ಪೇಪರ್ ಓದುತ್ತಾ ಕೂತಿರುತ್ತಾನೆ.

ಮೊದಲೆಲ್ಲ ಯಾವ ಅಂಗಡಿಗೆ ಹೋದರೆ ಒಳ್ಳೆ ರೇಟು ಸಿಗುತ್ತದೆ ಎನ್ನುವುದು ರೈತನ ಮುಖ್ಯ ಪ್ರಶ್ನೆಯಾಗಿತ್ತು. 2014ರಿಂದ ಕರ್ನಾಟಕದ ಮಾರುಕಟ್ಟೆಗಳು ಒಂದೊಂದಾಗಿ ಆನ್‌ಲೈನ್ ಟೆಂಡರ್‌ಗೆ ಬಂದವು. ಈಗ ರೈತನ ಪ್ರತಿ ರಾಶಿಗೆ (ಲಾಟು) ನಂಬರ್ ಬೀಳುತ್ತದೆ, ಖರೀದಿದಾರರು ಕಂಪ್ಯೂಟರಿನಲ್ಲಿ ದರ ಹಾಕುತ್ತಾರೆ. ಅದು ರೈತನಿಗೆ ಒಪ್ಪಿಗೆಯಾಗದಿದ್ದರೆ ಮಾಲು ಕೊಡದೆ ಇಟ್ಟುಕೊಳ್ಳಬಹುದು. ಧಾರಣೆಯಲ್ಲಿ ಅಂಗಡಿಯವನ ಕೈಚಳಕಕ್ಕೆ ಜಾಗ ಕಡಿಮೆಯಾಗಿದೆ. ಹಾಗಾದರೆ ಎರಡು ಅಂಗಡಿಗಳ ನಡುವೆ ವ್ಯತ್ಯಾಸ ಬರುವುದು ಎಲ್ಲಿ?

ನಾನು ಇಲ್ಲಿನ ಅಂಗಡಿಗಳಿಗೆ ಲೆಕ್ಕ ಬರೆಯುವವನು. ಗಲ್ಲಾಪೆಟ್ಟಿಗೆಯ ಕಡೆಯಿಂದ ನೋಡುವವರಿಗಿಂತ ಖಾತೆಯ ಕಡೆಯಿಂದ ನೋಡುವವರಿಗೆ ಇದು ಬೇಗ ಕಾಣುತ್ತದೆ. ಹೋದ ವರ್ಷದ ರೈತ ಈ ವರ್ಷವೂ ಬಂದನಾ? ಕಳಿಸಿದ ಲೋಡಿನ ದುಡ್ಡು ಎಷ್ಟು ದಿನಕ್ಕೆ ಬಂತು? ಈ ಎರಡು ಪ್ರಶ್ನೆಗೆ ಒಳ್ಳೆ ಉತ್ತರ ಇರುವ ಅಂಗಡಿ ಮುಳುಗಿದ್ದನ್ನು ನಾನು ಕಂಡಿಲ್ಲ. ಹೊಸದಾಗಿ ಅಡತಿ ಲೈಸೆನ್ಸ್ ತೆಗೆದವರಿಗೆ, ಅಪ್ಪನ ಅಂಗಡಿಯಲ್ಲಿ ಈಗ ಕೂರುತ್ತಿರುವ ಹುಡುಗರಿಗೆ ಉಪಯೋಗಕ್ಕೆ ಬರಲಿ ಅಂತ ಇದನ್ನು ಹಂತ ಹಂತವಾಗಿ ಬರೆದಿದ್ದೇನೆ.

1. ಮೊದಲು ಒಂದು ಲೋಡಿನ ಲೆಕ್ಕ ಹಾಕಿ

ಕಾಳುಕಡಿಗೆ ಅಡತಿ ಕಮಿಷನ್ ಶೇ 2. ಅದನ್ನು ಖರೀದಿದಾರರಿಂದ ಪಡೆಯಬೇಕು, ರೈತರಿಂದಲ್ಲ. ಮೆಕ್ಕೆಜೋಳ ಕ್ವಿಂಟಲ್‌ಗೆ 2,000 ರೂಪಾಯಿ ಅಂತ ಇಟ್ಟುಕೊಳ್ಳಿ. ಕ್ವಿಂಟಲ್‌ಗೆ ನಿಮಗೆ ಸಿಗುವುದು 40 ರೂಪಾಯಿ. 200 ಕ್ವಿಂಟಲ್‌ನ ಒಂದು ಲಾರಿ ಲೋಡಿನ ಬೆಲೆ 4 ಲಕ್ಷ, ನಿಮ್ಮ ಕಮಿಷನ್ 8,000 ರೂಪಾಯಿ. ಅಂಗಡಿ ಬಾಡಿಗೆ, ಗುಮಾಸ್ತನ ಸಂಬಳ, ಕರೆಂಟು, ಚಹಾ ಎಲ್ಲ ಇದರಲ್ಲೇ ಹೋಗಬೇಕು.

ಈಗ ಆ ಖರೀದಿದಾರ ದುಡ್ಡು ಕೊಡದೆ ಕೈಯೆತ್ತಿದ ಅಂದುಕೊಳ್ಳಿ. ರೈತನಿಗೆ ನೀವು ಕೊಟ್ಟಾಗಿದೆ, ಕೊಡುವ ಹೊಣೆಯೂ ನಿಮ್ಮದೇ. ಹೋದ 4 ಲಕ್ಷ ತುಂಬಿಕೊಳ್ಳಲು ಇನ್ನೂ 50 ಲೋಡು ಮಾರಬೇಕು. ಆ 50 ಲೋಡಿನಿಂದ ಮನೆಗೆ ಒಂದು ರೂಪಾಯಿಯೂ ಬರುವುದಿಲ್ಲ.

ಕೈಯೆತ್ತದೆ ಸುಮ್ನೆ ತಡ ಮಾಡಿದರೂ ಅಷ್ಟೇ. ವರ್ಷಕ್ಕೆ ಶೇ 12ರ ಬಡ್ಡಿಯಂತೆ ಬ್ಯಾಂಕಿನಿಂದ ತಂದ ದುಡ್ಡಾದರೆ 4 ಲಕ್ಷಕ್ಕೆ ತಿಂಗಳಿಗೆ 4,000 ಬಡ್ಡಿ. ಒಂದು ತಿಂಗಳು ತಡವಾದರೆ ಅರ್ಧ ಕಮಿಷನ್ ಹೋಯಿತು. ಎರಡು ತಿಂಗಳಾದರೆ ನೀವು ಪುಕ್ಕಟೆ ದುಡಿದಂತೆ.

ಈ ಲೆಕ್ಕವನ್ನು ಒಂದು ಹಾಳೆಯಲ್ಲಿ ಬರೆದು ಗಲ್ಲಾದ ಮೇಲೆ ಅಂಟಿಸಿ. ‘ಗಿರಾಕಿ ಸಂಬಂಧ’ ಎಂದರೆ ನಗುನಗುತ್ತಾ ಮಾತಾಡುವುದು ಅಂತ ಅನೇಕರು ತಿಳಿದಿದ್ದಾರೆ. ನಗು ಒಳ್ಳೆಯದೇ, ಬೇಡ ಅನ್ನುವುದಿಲ್ಲ. ಆದರೆ ಶೇ 2ರ ವ್ಯಾಪಾರದಲ್ಲಿ ಸಂಬಂಧ ಎಂದರೆ ಯಾರ ಹತ್ತಿರ ಎಷ್ಟು ದುಡ್ಡು ಎಷ್ಟು ದಿನ ಬಿಡಬಹುದು ಎಂಬ ತಿಳಿವಳಿಕೆ.

2. ನಿಮ್ಮ ಗಿರಾಕಿ ಯಾರು? ಪಟ್ಟಿ ಮಾಡಿ

ಅಡತಿ ಅಂಗಡಿಗೆ ಎರಡು ಕಡೆ ಗಿರಾಕಿಗಳು. ಈ ಕಡೆ ಮಾಲು ತರುವ ರೈತ, ಆ ಕಡೆ ಕೊಳ್ಳುವವನು. ಒಬ್ಬನಿಗೆ ರೇಟು ಏರಬೇಕು, ಇನ್ನೊಬ್ಬನಿಗೆ ಇಳಿಯಬೇಕು. ಇಬ್ಬರೂ ‘ಸಾವ್ಕಾರ್ರು ನಮ್ಮ ಕಡೆ’ ಅನ್ನಬೇಕು. ಇದು ಸುಲಭವಲ್ಲ.

ಕಳೆದ ಎರಡು ಹಂಗಾಮಿನ ಪುಸ್ತಕ ತೆಗೆದು ಊರುವಾರು ಬರೆಯಿರಿ. ಜಗಳೂರು, ಆನಗೋಡು, ಮಾಯಕೊಂಡ, ಭರಮಸಾಗರ ಕಡೆಯಿಂದ ಮೆಕ್ಕೆಜೋಳ. ಮಲೇಬೆನ್ನೂರು, ಹರಿಹರ, ಹೊನ್ನಾಳಿ ಕಡೆ ಭದ್ರಾ ನಾಲೆಯ ಭತ್ತ. ಚನ್ನಗಿರಿ, ಹೊಳಲ್ಕೆರೆ, ಭೀಮಸಮುದ್ರದಲ್ಲಿ ಅಡಿಕೆ. ಚಳ್ಳಕೆರೆಯಲ್ಲಿ ಶೇಂಗಾ. ಚಿತ್ರದುರ್ಗ, ಹಿರಿಯೂರು ಸುತ್ತ ಈರುಳ್ಳಿ. ಪ್ರತಿ ಹೆಸರಿನ ಮುಂದೆ ಮೂರು ವಿಷಯ ಸಾಕು: ಎಷ್ಟು ಚೀಲ ತಂದರು, ಎರಡನೇ ವರ್ಷ ಬಂದರಾ, ಬರದಿದ್ದರೆ ಯಾಕೆ.

ಆ ‘ಯಾಕೆ’ ಗೊತ್ತಿಲ್ಲದಿದ್ದರೆ ಫೋನ್ ಮಾಡಿ ಕೇಳಿ. ‘ಯಾಕೆ ಬರಲಿಲ್ಲ ಗೌಡ್ರೆ?’ ಅಂತ ದೂರುವ ಧಾಟಿ ಬೇಡ. ‘ಈ ಸಲ ಬೆಳೆ ಹೇಗಿತ್ತು ಯಜಮಾನ್ರೆ?’ ಅಂತ ಶುರು ಮಾಡಿ. ಹತ್ತು ಜನರನ್ನು ಕೇಳಿದರೆ ನಾಲ್ಕೈದು ಜನ ನಿಜ ಹೇಳುತ್ತಾರೆ. ರೇಟಿನ ಮಾತು ಬರುವುದು ಕಡಿಮೆ. ತೂಕ, ಕಾಯಿಸಿದ್ದು, ದುಡ್ಡು ತಡವಾದದ್ದು, ಹುಡುಗ ಒರಟಾಗಿ ಮಾತಾಡಿದ್ದು, ಇವೇ ಜಾಸ್ತಿ.

ಕೊಳ್ಳುವವರ ಪಟ್ಟಿ ಬೇರೆ ಮಾಡಿ. ಅಕ್ಕಿ ಗಿರಣಿ, ಕೋಳಿ ಆಹಾರದ ಗಿರಣಿ, ಸ್ಟಾರ್ಚ್ ಕಾರ್ಖಾನೆ, ಎಣ್ಣೆ ಮಿಲ್ಲು, ತಮಿಳುನಾಡಿನ ನಾಮಕ್ಕಲ್ ಕಡೆಯ ಪಾರ್ಟಿ, ಇಲ್ಲೇ ಕೊಂಡು ಬೇರೆ ಕಡೆ ಮಾರುವ ವರ್ತಕ. ಇವರ ಹೆಸರಿನ ಮುಂದೆ ದುಡ್ಡು ಬಂದ ದಿನಗಳ ಸಂಖ್ಯೆ ಬರೆಯಿರಿ. ಬಾಯಲ್ಲಿ ಹೇಳಿದ ವಾಯಿದೆ ಬೇಡ, ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲಿ ಇರುವ ತಾರೀಖು ಬೇಕು. ‘ಎಂಟು ದಿನದಲ್ಲಿ ಕಳಿಸ್ತೀನಿ’ ಅನ್ನುವ ಪಾರ್ಟಿ ನಿಜವಾಗಿ ಎಷ್ಟು ದಿನ ತೆಗೆದುಕೊಂಡಿದ್ದಾನೆ ಅಂತ ನೋಡಿದಾಗ ಅಂಗಡಿಯವರೇ ಬೆಚ್ಚಿಬೀಳುವುದುಂಟು.

3. ಕಾಟಾ ಮತ್ತು ಚೀಲ

ರೈತ ನಿಮ್ಮ ಬಗ್ಗೆ ಊರಲ್ಲಿ ಹೇಳುವ ಮೊದಲ ಮಾತು ತೂಕದ್ದು. ಎಲೆಕ್ಟ್ರಾನಿಕ್ ಕಾಟಾಕ್ಕೆ ವರ್ಷಕ್ಕೊಮ್ಮೆ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಹಾಕಿಸಬೇಕು. ಅದರ ಪ್ರಮಾಣಪತ್ರವನ್ನು ಫೈಲಿನಲ್ಲಿ ಬಚ್ಚಿಡುವ ಬದಲು ಕಾಟಾದ ಮೇಲಿನ ಗೋಡೆಗೆ ಹಾಕಿ. ಪಕ್ಕದಲ್ಲೇ ಮುದ್ರೆಯಿರುವ 20 ಕೆ.ಜಿ.ಯ ಒಂದು ಬಟ್ಟು ಇರಲಿ. ಅನುಮಾನ ಬಂದ ರೈತ ತಾನೇ ಎತ್ತಿ ಇಟ್ಟು ನೋಡಲಿ. ಹೆಚ್ಚಿನವರು ನೋಡುವುದಿಲ್ಲ. ನೋಡಬಹುದು ಅನ್ನುವುದೇ ಸಾಕಾಗುತ್ತದೆ.

ಅಂಕಿ ತೋರಿಸುವ ಪರದೆ ರೈತನ ಕಡೆ ತಿರುಗಿರಬೇಕು. ಇಷ್ಟು ಸಣ್ಣ ವಿಷಯ. ಆದರೂ ಎಷ್ಟೋ ಅಂಗಡಿಗಳಲ್ಲಿ ಅದು ಗುಮಾಸ್ತನಿಗೆ ಮಾತ್ರ ಕಾಣುವಂತೆ ಇರುತ್ತದೆ.

ಇನ್ನು ಚೀಲ. ಪ್ಲಾಸ್ಟಿಕ್ ಚೀಲ ತೂಗುವುದು 100ರಿಂದ 150 ಗ್ರಾಂ. 50 ಕೆ.ಜಿ.ಯ ಗೋಣಿಚೀಲ ಅರ್ಧ ಕೆ.ಜಿ.ಗಿಂತ ಸ್ವಲ್ಪ ಜಾಸ್ತಿ. ಪ್ಲಾಸ್ಟಿಕ್ ಚೀಲಕ್ಕೂ ‘ಚೀಲ, ಧೂಳು’ ಅಂತ ಒಂದು ಕೆ.ಜಿ. ಕಳೆದರೆ ಅದು ರೈತನಿಗೆ ತಿಳಿಯುವುದಿಲ್ಲ ಅಂದುಕೊಳ್ಳಬೇಡಿ. 100 ಚೀಲಕ್ಕೆ ಸುಮಾರು 85 ಕೆ.ಜಿ. ಹೋಯಿತು, ಅಂದರೆ 1,700 ರೂಪಾಯಿ. ಅವನು ಅಂಗಡಿಯಲ್ಲಿ ಜಗಳ ಮಾಡುವುದಿಲ್ಲ. ಬಸ್ಸಿನಲ್ಲಿ ಪಕ್ಕದವನಿಗೆ ಹೇಳುತ್ತಾನೆ. ಖಾಲಿ ಚೀಲ ಹತ್ತು ಒಟ್ಟಿಗೆ ತೂಗಿ, ಸರಾಸರಿ ತೆಗೆದು, ಅಷ್ಟನ್ನೇ ಕಳೆಯಿರಿ. ಮಣ್ಣು, ಕಸ ನಿಜವಾಗಿ ಇದ್ದರೆ ರೈತನ ಎದುರಿಗೇ ಒಂದು ಚೀಲ ಜರಡಿ ಹಿಡಿದು ತೋರಿಸಿ.

ರೈತನಿಗೆ ಕೊಡುವ ಲೆಕ್ಕದ ಪಟ್ಟಿಯಲ್ಲಿ ಎಲ್ಲವೂ ಬೇರೆ ಬೇರೆ ಸಾಲಿನಲ್ಲಿ ಇರಲಿ: ಒಟ್ಟು ತೂಕ, ಚೀಲದ ತೂಕ, ನಿವ್ವಳ ತೂಕ, ಟೆಂಡರ್ ದರ, ಹಮಾಲಿ, ಕೊಡಬೇಕಾದ ಮೊತ್ತ. ‘ಇತರೆ’ ಅನ್ನುವ ಕಾಲಂ ಬೇಡವೇ ಬೇಡ. ಹಮಾಲಿ ದರ ಮಾರುಕಟ್ಟೆ ಸಮಿತಿ ನಿಗದಿ ಮಾಡಿದ್ದೇ ಆಗಿರಲಿ. ಓದು ಬರದ ಹಿರಿಯರು ಬಂದರೆ ಗುಮಾಸ್ತ ಪಟ್ಟಿಯನ್ನು ಓದಿ ಹೇಳಬೇಕು.

4. ಮಾಯಿಶ್ಚರ್ ಜಗಳ

ಅಕ್ಟೋಬರ್‌ನಿಂದ ಜನವರಿವರೆಗೆ ಯಾರ್ಡಿನ ಜಗಳದಲ್ಲಿ ಅರ್ಧ ಇದರದ್ದೇ. ಮೆಕ್ಕೆಜೋಳಕ್ಕೆ ಗಿರಣಿಗಳು ಕೇಳುವುದು ಶೇ 14ರ ಒಳಗಿನ ತೇವಾಂಶ. ಮಳೆ ಹಿಡಿದ ವರ್ಷ ರೈತ ತರುವುದು 18, 20, ಕೆಲವೊಮ್ಮೆ ಇನ್ನೂ ಹೆಚ್ಚು. ಹಸಿ ಜೋಳಕ್ಕೆ ಬೂಷ್ಟು ಹಿಡಿಯುತ್ತದೆ, ಅಫ್ಲಾಟಾಕ್ಸಿನ್ ಎಂಬ ವಿಷ ಹುಟ್ಟಬಹುದು, ಕೋಳಿ ಸಾಯುತ್ತದೆ. ಹಾಗಾಗಿ ಕೋಳಿ ಆಹಾರದ ಗಿರಣಿಯವರು ಪಟ್ಟು ಬಿಡುವುದಿಲ್ಲ.

ರೈತನಿಗೆ ಸಿಟ್ಟು ಬರುವುದು ಕಡಿತಕ್ಕಲ್ಲ, ಕಡಿತದ ಲೆಕ್ಕ ತಿಳಿಯದೆ ಇರುವುದಕ್ಕೆ. ‘ನಿಮ್ಮದು ಹಸಿ ಐತೆ, ಇನ್ನೂರು ಕಮ್ಮಿ’ ಅಂದರೆ ಯಾರಿಗೆ ಸಿಟ್ಟು ಬರುವುದಿಲ್ಲ? ಲೆಕ್ಕ ಸುಲಭ ಇದೆ, ಗೋಡೆಗೆ ಬರೆಸಿಬಿಡಿ.

100ರಲ್ಲಿ ಈಗಿರುವ ತೇವಾಂಶ ಕಳೆಯಿರಿ. ಬಂದದ್ದನ್ನು 86ರಿಂದ ಭಾಗಿಸಿ 100ರಿಂದ ಗುಣಿಸಿ. ಒಂದು ಕ್ವಿಂಟಲ್ ಶೇ 14ಕ್ಕೆ ಒಣಗಿದಾಗ ಎಷ್ಟು ಕೆ.ಜಿ. ಉಳಿಯುತ್ತದೆ ಎಂಬುದು ಅದು.

ತೇವಾಂಶ 16 ಇದ್ದರೆ ಉಳಿಯುವುದು 97.7 ಕೆ.ಜಿ.
18 ಇದ್ದರೆ 95.3 ಕೆ.ಜಿ.
20 ಇದ್ದರೆ 93 ಕೆ.ಜಿ.
22 ಇದ್ದರೆ 90.7 ಕೆ.ಜಿ.

ಅಂದರೆ ಒಣ ಜೋಳಕ್ಕೆ 2,000 ಇರುವಾಗ ಶೇ 18ರ ಜೋಳ ನೀರಿನ ಲೆಕ್ಕದಲ್ಲಿ 1,907 ರೂಪಾಯಿ ಬಾಳುತ್ತದೆ. ಒಣಗಿಸುವ ಕೂಲಿ, ಜಾಗದ ಖರ್ಚು ಬೇರೆ. ಅದನ್ನೂ ಬಾಯಿಬಿಟ್ಟು ಹೇಳಿ, ಎಷ್ಟು ಅಂತ ಬರೆದಿಡಿ. ಇನ್ನೂರು ಕಡಿಮೆ ದರ ಬಿದ್ದರೆ ಒಪ್ಪಬೇಕೋ, ಎರಡು ದಿನ ಒಣಗಿಸಿ ಮತ್ತೆ ಟೆಂಡರಿಗೆ ಇಡಬೇಕೋ ಎಂದು ರೈತ ಈ ಪಟ್ಟಿ ನೋಡಿ ತಾನೇ ತೀರ್ಮಾನ ಮಾಡುತ್ತಾನೆ. ನಿಮ್ಮ ಮೇಲೆ ಗೂಬೆ ಕೂರುವುದಿಲ್ಲ.

ತೇವಾಂಶ ಅಳೆಯುವ ಮೀಟರಿನ ಬಗ್ಗೆ ಎರಡು ಮಾತು. ಚೀಲದ ಮೇಲಿನದನ್ನು ಮಾತ್ರ ಅಳೆಯಬೇಡಿ, ಮೇಲೆ, ನಡುವೆ, ತಳದಿಂದ ತೆಗೆದು ಕಲೆಸಿ ಅಳೆಯಿರಿ. ನೀವು ಯಾವ ಗಿರಣಿಗೆ ಜಾಸ್ತಿ ಮಾಲು ಕಳಿಸುತ್ತೀರೋ ಅಲ್ಲಿಗೆ ಒಂದೇ ಸ್ಯಾಂಪಲ್ ಒಯ್ದು ಅವರ ಮೀಟರಿನಲ್ಲೂ ನೋಡಿ. ನಿಮ್ಮದರಲ್ಲಿ 14, ಅವರದರಲ್ಲಿ 15 ಬಂದರೆ ಹಂಗಾಮು ಶುರುವಾಗುವ ಮೊದಲೇ ಸರಿಪಡಿಸಿಕೊಳ್ಳಬೇಕು. ಲಾರಿ ಗಿರಣಿ ಗೇಟಿನಲ್ಲಿ ನಿಂತಾಗ ಈ ಮಾತು ಎತ್ತಿ ಪ್ರಯೋಜನವಿಲ್ಲ.

ಚಳ್ಳಕೆರೆ ಕಡೆ ಶೇಂಗಾ ವ್ಯಾಪಾರದಲ್ಲಿ ಇದೇ ಮಾತು ಬೀಜದ ಇಳುವರಿಗೆ ಅನ್ವಯಿಸುತ್ತದೆ. 200 ಗ್ರಾಂ ಕಾಯಿ ರೈತನ ಮುಂದೆ ಸುಲಿದು ಬೀಜ ತೂಗಿ. 140 ಗ್ರಾಂ ಬಂದರೆ ಶೇ 70. ಐದು ನಿಮಿಷದ ಕೆಲಸ. ಕೈಯಲ್ಲಿ ನಾಲ್ಕು ಕಾಯಿ ಒಡೆದು ‘ಜೊಳ್ಳು ಐತೆ’ ಅನ್ನುವ ಹಳೆಯ ಪದ್ಧತಿಗಿಂತ ಇದು ಎಷ್ಟೋ ಮೇಲು.

5. ರೈತನ ದುಡ್ಡು

ತೂಕ ಆದ ದಿನವೇ ದುಡ್ಡು ಹೋಗಬೇಕು. ಆಗದಿದ್ದರೆ ಯಾವ ದಿನ ಅಂತ ಪಟ್ಟಿಯ ಮೇಲೆ ತಾರೀಖು ಬರೆದುಕೊಡಿ, ಆ ತಾರೀಖು ತಪ್ಪಿಸಬೇಡಿ. ‘ಇವತ್ತು ಬ್ಯಾಂಕ್ ರಜೆ’ ಎಂಬ ನೆಪ ಈಗ ನಡೆಯುವುದಿಲ್ಲ. ಎನ್‌ಇಎಫ್‌ಟಿ 2019ರ ಡಿಸೆಂಬರ್‌ನಿಂದ, ಆರ್‌ಟಿಜಿಎಸ್ 2020ರ ಡಿಸೆಂಬರ್‌ನಿಂದ ವಾರದ ಏಳೂ ದಿನ ನಡೆಯುತ್ತಿವೆ. ಹಳ್ಳಿ ಹುಡುಗರಿಗೆ ಇದು ನಿಮಗಿಂತ ಚೆನ್ನಾಗಿ ಗೊತ್ತು.

ಖಾತೆ ನಂಬರ್ ಬರೆದುಕೊಳ್ಳುವಾಗ ಒಂದು ಪ್ರಶ್ನೆ ಕೇಳಿ: ‘ಈ ಖಾತೆಯಲ್ಲಿ ಬೆಳೆ ಸಾಲ ಇದೆಯಾ?’ ಸಾಲದ ಬಾಕಿ ಇರುವ ಬ್ಯಾಂಕಿಗೆ ದುಡ್ಡು ಹೋದರೆ ಅದು ಸಾಲಕ್ಕೆ ಜಮೆಯಾಗಿಬಿಡಬಹುದು. ಮಗಳ ಮದುವೆಗೋ, ಗೊಬ್ಬರದ ಅಂಗಡಿಗೋ ಅಂತ ಇಟ್ಟುಕೊಂಡಿದ್ದ ದುಡ್ಡು ಕೈಗೆ ಸಿಗದೇ ಹೋದರೆ ತಪ್ಪು ನಿಮ್ಮದಲ್ಲ, ನಿಜ. ಆದರೆ ಮೊದಲೇ ಕೇಳಿದ ಅಂಗಡಿಯನ್ನು ಅವನು ಮರೆಯುವುದಿಲ್ಲ. ದುಡ್ಡು ಹಾಕಿದ ಕೂಡಲೇ ಮೊತ್ತವನ್ನೂ ಯುಟಿಆರ್ ನಂಬರನ್ನೂ (ಆ ರವಾನೆಗೆ ಬ್ಯಾಂಕ್ ಕೊಡುವ ಗುರುತು ಸಂಖ್ಯೆ) ಅವನ ಫೋನಿಗೆ ಕಳಿಸಿ.

ನಗದೇ ಬೇಕು ಅನ್ನುವವರು ಇದ್ದೇ ಇರುತ್ತಾರೆ. ಒಬ್ಬರು ಒಂದೇ ದಿನ ಇನ್ನೊಬ್ಬರಿಂದ 2 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆಯುವಂತಿಲ್ಲ. ದಂಡ ಬೀಳುವುದು ಪಡೆದವನಿಗೆ, ಅಂದರೆ ರೈತನಿಗೆ. ಇದನ್ನು ತಿಳಿಸಿ ಹೇಳುವುದೂ ಅಂಗಡಿಯ ಕೆಲಸವೇ.

6. ಮುಂಗಡ: ಕಟ್ಟಿಹಾಕುವ ಹಗ್ಗ ಮಾಡಬೇಡಿ

ಬಿತ್ತನೆ ಹೊತ್ತಿಗೆ ರೈತ ಬೀಜ–ಗೊಬ್ಬರಕ್ಕೆ ದುಡ್ಡು ಕೇಳುತ್ತಾನೆ. ಬೆಳೆ ಬಂದಾಗ ಮಾಲು ನಿಮ್ಮ ಅಂಗಡಿಗೇ ತರುತ್ತಾನೆ. ತಲೆಮಾರುಗಳಿಂದ ಹೀಗೆ ನಡೆದಿದೆ. ಕೊಡಬಾರದು ಅಂತ ನಾನು ಹೇಳುವುದಿಲ್ಲ, ಕೊಡದೆ ಈ ಯಾರ್ಡಿನಲ್ಲಿ ವ್ಯಾಪಾರ ಕಷ್ಟ. ಆದರೆ ಎಷ್ಟೋ ಅಂಗಡಿಗಳು ಇದನ್ನೇ ಸಂಬಂಧ ಅಂದುಕೊಂಡಿವೆ. ಸಾಲ ಇರುವುದರಿಂದ ಬರುತ್ತಾನೆ, ತೀರಿದ ದಿನ ಬೇರೆ ಅಂಗಡಿಗೆ ಹೋಗುತ್ತಾನೆ. ಖಾತೆಯಲ್ಲಿ ಇದು ಸ್ಪಷ್ಟವಾಗಿ ಕಾಣುತ್ತದೆ: ಬಾಕಿ ಸೊನ್ನೆಯಾದ ವರ್ಷದ ನಂತರ ಹೆಸರೇ ಇರುವುದಿಲ್ಲ.

ಇನ್ನೂ ಕೆಟ್ಟದ್ದು ಎಂದರೆ ಮುಂಗಡ ಪಡೆದವನ ಮಾಲಿಗೆ ಬೇರೆ ತೂಕ, ಬೇರೆ ಕಡಿತ. ಅವನು ಬಾಯಿ ಬಿಡಲಾರ ಅಂತ ಧೈರ್ಯ. ಅವನ ಮಗ ಬಿಡುತ್ತಾನೆ.

ಹೀಗೆ ಮಾಡಿ ನೋಡಿ. ಮುಂಗಡ ಎಷ್ಟು ಕೊಡಬೇಕು ಅನ್ನುವುದಕ್ಕೆ ಅವನ ಹಿಂದಿನ ಎರಡು ವರ್ಷದ ಮಾಲನ್ನು ಆಧಾರ ಮಾಡಿಕೊಳ್ಳಿ. ಮಳೆ ಕೈಕೊಟ್ಟು ಅರ್ಧ ಬೆಳೆ ಬಂದರೂ ತೀರುವಷ್ಟು ಮಾತ್ರ ಕೊಡಿ. ಜಗಳೂರು, ಚಳ್ಳಕೆರೆ ಕಡೆಯ ಮಳೆ ನಂಬಿದ ಹೊಲಕ್ಕೆ ಇದು ಇನ್ನೂ ಕಡಿಮೆ ಇರಬೇಕು. 20,000 ಅಥವಾ ಮೇಲ್ಪಟ್ಟ ಸಾಲವನ್ನು ನಗದಾಗಿ ಪಡೆಯುವುದು–ತೀರಿಸುವುದು ಆದಾಯ ತೆರಿಗೆ ನಿಯಮಕ್ಕೆ ವಿರುದ್ಧ, ಬ್ಯಾಂಕಿನ ಮೂಲಕವೇ ಮಾಡಿ. ಬಡ್ಡಿ ಹಾಕುತ್ತೀರಾದರೆ ಅದು ಲೇವಾದೇವಿ ಆಗುತ್ತದೆ. ಕರ್ನಾಟಕದಲ್ಲಿ ಲೇವಾದೇವಿಗೆ 1961ರ ಕಾಯ್ದೆಯೇ ಇದೆ, ಲೈಸೆನ್ಸ್ ಬೇಕು. ಆಡಿಟರ್ ಹತ್ತಿರ ಕೂತು ಇದನ್ನು ಮೊದಲು ಇತ್ಯರ್ಥ ಮಾಡಿಕೊಳ್ಳಿ.

ರೈತನ ಕೈಯಲ್ಲೂ ಒಂದು ಸಣ್ಣ ಪುಸ್ತಕ ಇರಲಿ. ಕೊಟ್ಟದ್ದು, ಬಂದದ್ದು ಎರಡೂ ಕಡೆ ಬರೆಯಿರಿ. ಖಾಲಿ ಚೆಕ್ಕು, ಖಾಲಿ ಬಾಂಡ್ ಪೇಪರಿಗೆ ಸಹಿ ಹಾಕಿಸಿಕೊಳ್ಳುವ ಅಭ್ಯಾಸ ಇದ್ದರೆ ಇವತ್ತೇ ಬಿಡಿ. ಮಾಲು ಬೇರೆ ಅಂಗಡಿಗೆ ಹಾಕಿ ದುಡ್ಡು ತಂದುಕೊಡುತ್ತೇನೆ ಅಂದರೆ ಸಿಟ್ಟಾಗದೆ ಜಮಾ ಮಾಡಿಕೊಳ್ಳಿ. ಮುಂದಿನ ವರ್ಷ ಅವನು ವಾಪಸ್ ಬರುವ ಸಾಧ್ಯತೆ ಆಗಲೇ ಜಾಸ್ತಿ.

7. ಕೊಳ್ಳುವವನ ಕಡೆ

ಮೊದಲ ನಿಯಮ: ಸ್ಯಾಂಪಲ್ ಯಾವುದೋ ಮಾಲು ಅದೇ. ಚೆನ್ನಾಗಿರುವ ಲಾಟಿನ ಸ್ಯಾಂಪಲ್ ತೋರಿಸಿ ನಡುವೆ ಬೇರೆ ಚೀಲ ಸೇರಿಸಿದರೆ ಗಿರಣಿಯಲ್ಲಿ ಇಳಿಸುವಾಗ ಸಿಕ್ಕಿಬೀಳುತ್ತೀರಿ. ಅವರು ಲಾರಿ ವಾಪಸ್ ಕಳಿಸುವುದಿಲ್ಲ, ಕ್ವಿಂಟಲ್‌ಗೆ ಇಷ್ಟು ಕಡಿತ ಅಂತ ಹೇಳುತ್ತಾರೆ. ಆಗ ಬಾಡಿಗೆ ಕೊಟ್ಟು ಮಾಲು ವಾಪಸ್ ತರುವ ಧೈರ್ಯ ನಿಮಗಿರುವುದಿಲ್ಲ. ಪ್ರತಿ ಲೋಡಿನ ಅರ್ಧ ಕೆ.ಜಿ. ಸ್ಯಾಂಪಲ್ ಮೊಹರು ಮಾಡಿ, ಲಾರಿ ನಂಬರ್, ತಾರೀಖು ಬರೆದು ದುಡ್ಡು ಬರುವವರೆಗೆ ಅಂಗಡಿಯಲ್ಲಿಡಿ. ತಕರಾರು ಬಂದಾಗ ಮಾತಿಗಿಂತ ಇದು ಗಟ್ಟಿ.

ಲಾರಿ ಹೊರಟ ಕೂಡಲೇ ಕಾಟಾ ಚೀಟಿ, ಚೀಲದ ಎಣಿಕೆ, ಮಾಯಿಶ್ಚರ್ ಮೂರನ್ನೂ ಫೋಟೊ ತೆಗೆದು ಪಾರ್ಟಿಗೆ ಕಳಿಸಿ. ದಾರಿಯಲ್ಲಿ ಎಷ್ಟು ಕೆ.ಜಿ. ಕಡಿಮೆಯಾದರೆ ಯಾರ ಲೆಕ್ಕಕ್ಕೆ ಎಂಬುದನ್ನು ಹಂಗಾಮಿನ ಶುರುವಿನಲ್ಲೇ ಬರೆದುಕೊಳ್ಳಿ. ಮಾಲಿನಲ್ಲಿ ದೋಷ ಇರುವುದು ನಿಮಗೇ ಗೊತ್ತಿದ್ದರೆ ಲೋಡು ಮಾಡುವ ಮೊದಲೇ ಹೇಳಿ ದರ ಇಳಿಸಿ. ಹೀಗೆ ಒಂದೆರಡು ಸಲ ತಾನಾಗಿ ಹೇಳಿದ ವರ್ತಕನ ಲೋಡನ್ನು ಗಿರಣಿಯವರು ಮುಂದೆ ಹೆಚ್ಚು ಕೆದಕುವುದಿಲ್ಲ.

ಇನ್ನು ಉದ್ರಿ. ಪ್ರತಿ ಪಾರ್ಟಿಗೆ ಒಂದು ಮಿತಿ ಹಾಕಿ. ನನ್ನ ಪ್ರಕಾರ ನಿಮ್ಮ ಸ್ವಂತ ಬಂಡವಾಳದ ಕಾಲು ಭಾಗಕ್ಕಿಂತ ಹೆಚ್ಚು ಒಬ್ಬನೇ ಪಾರ್ಟಿಯ ಹತ್ತಿರ ಸಿಕ್ಕಿಕೊಳ್ಳಬಾರದು, ಎಷ್ಟೇ ದೊಡ್ಡ ಗಿರಣಿಯಾಗಲಿ. ದೊಡ್ಡ ಗಿರಾಕಿ ಸಿಕ್ಕಿದ ಖುಷಿಯಲ್ಲಿ ಇದನ್ನೇ ಎಲ್ಲರೂ ಮರೆಯುವುದು. ಹೊಸಬರಿಗೆ ಮೊದಲ ಲೋಡು ಪೂರ್ತಿ ದುಡ್ಡಿಗೆ, ಎರಡನೆಯದು ಅರ್ಧ ದುಡ್ಡಿಗೆ, ಆಮೇಲೆ ಉದ್ರಿಯ ಮಾತು. ಹಳೇ ಬಾಕಿ ಬರದೆ ಹೊಸ ಲೋಡು ಹೊರಡಬಾರದು. ‘ಈ ಲೋಡು ಕಳಿಸಿ, ಎರಡರದ್ದೂ ಒಟ್ಟಿಗೆ ಹಾಕ್ತೀನಿ’ ಎಂಬ ಮಾತು ಬಂದರೆ ಎಚ್ಚರವಾಗಿ. ರೇಟು ಮಾರುಕಟ್ಟೆಗಿಂತ 50–60 ಜಾಸ್ತಿ ಕೊಡುತ್ತೇನೆ, ದುಡ್ಡು ಮಾತ್ರ ನಿಧಾನ ಅನ್ನುವವನ ಬಗ್ಗೆ ಇನ್ನೂ ಎಚ್ಚರ ಬೇಕು.

ಸಣ್ಣ ಉದ್ದಿಮೆಗಳಿಗೆ 45 ದಿನದೊಳಗೆ ದುಡ್ಡು ಕೊಡಬೇಕೆಂಬ ನಿಯಮವನ್ನು ಕೆಲವರು ನಂಬಿ ಕೂತಿದ್ದಾರೆ. ಸಣ್ಣ ಉದ್ದಿಮೆಗಳ ‘ಉದ್ಯಮ್’ ನೋಂದಣಿ ಮಾಡಿಸಿದರೂ ಕೊಂಡು ಮಾರುವ ವರ್ತಕರಿಗೆ ಅದರಲ್ಲಿ ಸಿಗುವುದು ಆದ್ಯತಾ ವಲಯದ ಬ್ಯಾಂಕ್ ಸಾಲದ ಅನುಕೂಲ ಮಾತ್ರ. ತಡ ಪಾವತಿಯ ರಕ್ಷಣೆ ಇಲ್ಲ. ನಿಮ್ಮ ರಕ್ಷಣೆ ನಿಮ್ಮ ಮಿತಿಯೇ.

8. ಧಾರಣೆ ಬಿದ್ದ ದಿನ ಏನು ಹೇಳಬೇಕು?

2025–26ಕ್ಕೆ ಮೆಕ್ಕೆಜೋಳದ ಬೆಂಬಲ ಬೆಲೆ ಕ್ವಿಂಟಲ್‌ಗೆ 2,400 ರೂಪಾಯಿ ಇತ್ತು. 2025ರ ನವೆಂಬರ್‌ನಲ್ಲಿ ಮಾರುಕಟ್ಟೆ ಅದಕ್ಕಿಂತ ಎಷ್ಟೋ ಕೆಳಗಿತ್ತು, ರೈತರು ಬೀದಿಗಿಳಿದರು. ಅಂಥ ದಿನಗಳಲ್ಲಿ ಅಡತಿ ಅಂಗಡಿಯವನೇ ರೈತನ ಕಣ್ಣಿಗೆ ಮೊದಲು ಬೀಳುವವನು. ಬೈಗುಳವೂ ಮೊದಲು ಅವನಿಗೇ.

ಇಲ್ಲಿ ಎರಡು ತಪ್ಪು ನಡೆಯುತ್ತವೆ. ಒಂದು, ‘ಮುಂದಿನ ವಾರ ಏರುತ್ತೆ, ಇಟ್ಕೊಳ್ಳಿ’ ಅಂತ ಭರವಸೆ ಕೊಡುವುದು. ಏರದಿದ್ದರೆ ಆ ಮಾತು ಜನ್ಮಪೂರ್ತಿ ನೆನಪಿರುತ್ತದೆ. ಇನ್ನೊಂದು, ‘ನಮ್ಮ ಕೈಲಿ ಏನಿದೆ’ ಅಂತ ಮುಖ ತಿರುಗಿಸುವುದು. ಗೊತ್ತಿರುವುದನ್ನು ಹೇಳಿ: ಇವತ್ತಿನ ಆವಕ ಎಷ್ಟು, ನಿನ್ನೆ ದರ ಎಷ್ಟಿತ್ತು, ಬೇರೆ ಯಾರ್ಡುಗಳಲ್ಲಿ ಎಷ್ಟಿದೆ. ರಾಜ್ಯದ ಕೃಷಿ ಮಾರಾಟ ವಾಹಿನಿ ವೆಬ್‌ಸೈಟಿನಲ್ಲಿ ಎಲ್ಲ ಎಪಿಎಂಸಿಗಳ ದರ ಸಿಗುತ್ತದೆ, ಫೋನಿನಲ್ಲಿ ತೆಗೆದು ತೋರಿಸಿ. ಬೆಂಬಲ ಬೆಲೆಯ ಖರೀದಿ ಕೇಂದ್ರ ತೆರೆದಿದ್ದರೆ ಅದನ್ನೂ ತಿಳಿಸಿ. ನಿಮಗೆ ಆ ಮಾಲಿನ ಕಮಿಷನ್ ಹೋಗುತ್ತದೆ, ಹೌದು. ಇಟ್ಟುಕೊಳ್ಳುವ ಶಕ್ತಿ ಇರುವವರಿಗೆ ಮಾಲು ಅಡವಿಟ್ಟು ಪಡೆಯುವ ಎಪಿಎಂಸಿಯ ಅಡಮಾನ ಸಾಲದ ಬಗ್ಗೆ ಹೇಳಿ. ನಿರ್ಧಾರ ಅವರದೇ ಆಗಿರಲಿ.

ಈರುಳ್ಳಿಯವರಿಗೆ ಇಷ್ಟೂ ಸಮಯವಿಲ್ಲ. ಕೊಯ್ಲಿನ ಹೊತ್ತಿಗೆ ಮಳೆ ಬಂದರೆ ಚೀಲದಲ್ಲೇ ಕೊಳೆಯುತ್ತದೆ. ಚಿತ್ರದುರ್ಗದ ಈರುಳ್ಳಿ ಬೆಳೆಗಾರ ಬೆಂಗಳೂರಿಗೆ ಲಾರಿ ಮಾಡಿಕೊಂಡು ಹೊರಡುವ ಮುನ್ನ ಅಲ್ಲಿನ ಅಂಗಡಿಗೆ ಫೋನ್ ಮಾಡಿ ‘ಇವತ್ತು ಹೇಗಿದೆ?’ ಅಂತ ಕೇಳುತ್ತಾನೆ. ನಾಸಿಕ್ ಮಾಲು ಜಾಸ್ತಿ ಬಂದಿದೆ, ದರ ಬಿದ್ದಿದೆ ಅಂತ ಆಗ ನಿಜ ಹೇಳಬೇಕು. ಮಾಲು ಬರಲಿ ಅಂತ ಏರಿಸಿ ಹೇಳಿ, ಬಂದಮೇಲೆ ಲಾರಿ ಬಾಡಿಗೆಗೂ ಸಾಕಾಗದ ಪಟ್ಟಿ ಕೈಗಿಟ್ಟರೆ ಆ ಊರಿನ ಈರುಳ್ಳಿಯನ್ನು ಮರೆತುಬಿಡಿ.

9. ಅಂಗಡಿಯ ಹುಡುಗರು, ಹಮಾಲರು

ಸಾವುಕಾರ್ರು ಒಳ್ಳೆಯವರಾದರೆ ಸಾಲದು. ರೈತ ಮಾತಾಡುವುದು ಹೆಚ್ಚಾಗಿ ಗುಮಾಸ್ತನ ಹತ್ತಿರ, ಹಮಾಲರ ಹತ್ತಿರ. ಚೀಲ ಇಳಿಸುವಾಗ ಚೆಲ್ಲಿದ ಕಾಳು ಗುಡಿಸಿ ರೈತನ ರಾಶಿಗೇ ಹಾಕಬೇಕು ಅಂತ ಕಟ್ಟುನಿಟ್ಟು ಮಾಡಿ. ಹಮಾಲರಿಗೆ ಹೊತ್ತಿಗೆ ಸರಿಯಾಗಿ ಕೂಲಿ ಕೊಡಿ, ಆಗ ಅವರು ಕಾಳಿಗೆ ಕೈ ಚಾಚುವುದಿಲ್ಲ. ಕುಡಿಯುವ ನೀರು, ಕೂರಲು ನೆರಳು, ಹೆಣ್ಣುಮಕ್ಕಳು ಬಂದರೆ ಶೌಚಾಲಯ ಎಲ್ಲಿದೆ ಅಂತ ಹೇಳುವ ಸೌಜನ್ಯ ಇಷ್ಟಿದ್ದರೆ ಸಾಕು. ಮಧ್ಯಾಹ್ನ ಕಾಯಬೇಕಾದವರಿಗೆ ಮಂಡಕ್ಕಿ–ಮೆಣಸಿನಕಾಯಿ ತರಿಸಿದರೆ ಅದು ದಾವಣಗೆರೆಯಲ್ಲಿ ದೊಡ್ಡ ಖರ್ಚೇನೂ ಅಲ್ಲ.

10. ಹಂಗಾಮು ಮುಗಿದ ಮೇಲೆ

ಫೆಬ್ರವರಿಯಿಂದ ಮೇವರೆಗೆ ಮೆಕ್ಕೆಜೋಳದ ಅಂಗಡಿಗೆ ಬಿಡುವು. ಈ ಹೊತ್ತಿನಲ್ಲಿ ಊರಿಗೆ ಹೋಗಿ. ಮದುವೆ, ಗೃಹಪ್ರವೇಶ, ನಾಯಕನಹಟ್ಟಿ ಜಾತ್ರೆ, ಎರಡು ವರ್ಷಕ್ಕೊಮ್ಮೆ ಬರುವ ದುಗ್ಗಮ್ಮನ ಜಾತ್ರೆ, ಕರೆದ ಕಡೆ ಹೋಗಿ ಬನ್ನಿ. ಸಾವಿನ ಮನೆಗೆ ಕರೆಯದಿದ್ದರೂ ಹೋಗಬೇಕು. ಆದರೆ ಅಲ್ಲಿ ಬಾಕಿಯ ಮಾತು ಎತ್ತಬಾರದು. ಎತ್ತಿದವರನ್ನು ಕಂಡಿದ್ದೇನೆ, ಅದಕ್ಕೇ ಹೇಳುತ್ತಿದ್ದೇನೆ.

ವಾಟ್ಸ್ಆ್ಯಪ್ ಗುಂಪು ಮಾಡುವುದಾದರೆ ದಿನದ ಧಾರಣೆ ಮತ್ತು ಟೆಂಡರ್ ರಜೆಯ ಸುದ್ದಿ ಇಷ್ಟೇ ಹಾಕಿ. ಗುಡ್ ಮಾರ್ನಿಂಗ್ ಚಿತ್ರ ಹಾಕುವ ಗುಂಪನ್ನು ಯಾರೂ ನೋಡುವುದಿಲ್ಲ.

ಮಾರ್ಚ್ ಲೆಕ್ಕ ಮುಗಿಸುವಾಗ ಪ್ರತಿ ರೈತನಿಗೂ ಪಾರ್ಟಿಗೂ ಬಾಕಿಯ ಚೀಟಿ ಕಳಿಸಿ ಒಪ್ಪಿಗೆ ಪಡೆಯಿರಿ. ಅದೇ ಹೊತ್ತಿಗೆ ಬಿಡಬೇಕಾದ ಗಿರಾಕಿಗಳನ್ನೂ ಗುರುತಿಸಿ. ಪ್ರತಿ ಲೋಡಿಗೂ ತಕರಾರು ತೆಗೆಯುವ ಪಾರ್ಟಿ, ಎರಡು ಸಲ ಚೆಕ್ ವಾಪಸ್ ಮಾಡಿದವನು, ಒದ್ದೆ ಚೀಲ ನಡುವೆ ಬಚ್ಚಿಟ್ಟು ತರುವ ರೈತ, ಬಿಲ್ಲಿಲ್ಲದೆ ಮಾಲು ಕೊಡಿ ಅನ್ನುವವನು. ಇವರ ವಹಿವಾಟು ದೊಡ್ಡದಿರಬಹುದು. ಒಂದನೇ ಹಂತದ ಲೆಕ್ಕ ಹಾಕಿ ನೋಡಿ, ಇಂಥವರಿಂದ ಉಳಿದದ್ದು ಎಷ್ಟು ಅಂತ. ಬಿಡುವಾಗ ಜಗಳ ಬೇಡ. ಖಾತೆ ಚುಕ್ತಾ ಮಾಡಿ, ‘ಯಾವ ಬಾಕಿಯೂ ಇಲ್ಲ’ ಅಂತ ಎರಡೂ ಕಡೆಯ ಸಹಿ ಪಡೆದು ಒಂದು ಪ್ರತಿ ಅವರಿಗೆ ಕೊಡಿ, ಒಂದು ನಿಮ್ಮ ಫೈಲಿಗೆ ಸೇರಿಸಿ. ಅವರಲ್ಲಿ ಕೊಳ್ಳುವವರು ಮುಂದಿನ ಹಂಗಾಮಿನಲ್ಲಿ ಮತ್ತೆ ಬಂದರೆ ವ್ಯಾಪಾರ ಮಾಡಿ, ದುಡ್ಡು ಮೊದಲೇ ಪಡೆದು ಮಾತ್ರ.